ತಟ್ಟೆಯ ಇಡ್ಲಿ, ಪೊಟ್ಟಣದ ಇಡ್ಲಿ



ಹೋಟೆಲಿನಲ್ಲಿ ಕುಳಿತು ಎರಡು ಇಡ್ಲಿ ತಿನ್ನುತ್ತೀರಿ. ಮನೆಯಲ್ಲಿರುವ ತಂಗಿಗೆಂದು ಇನ್ನೆರಡನ್ನು ಪಾರ್ಸೆಲ್ ಕಟ್ಟಿಸುತ್ತೀರಿ. ನಾಲ್ಕೂ ಒಂದೇ ಹಿಟ್ಟಿನವು, ಒಂದೇ ಹಬೆಯಲ್ಲಿ ಬೆಂದವು. ವಿಜ್ಞಾನ ಓದಿದ ನನ್ನಂಥವನ ಕಣ್ಣಿಗೆ ಅವುಗಳಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಒಂದು ಕಾಲದಲ್ಲಿ ಕಂಡಿತ್ತು. ಪೊಟ್ಟಣದ ಇಡ್ಲಿ ಮಾರಾಟವಾದ ವಸ್ತು; ತಟ್ಟೆಯ ಇಡ್ಲಿ ಮಾರಾಟವೇ ಅಲ್ಲ! ಇದು ಹಾಸ್ಯವಲ್ಲ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೊನೆಗೆ ಸಂವಿಧಾನದ ತಿದ್ದುಪಡಿಗೂ ಕಾರಣವಾಯಿತು.

ಕಥೆ 1939ರಿಂದ ಆರಂಭವಾಗುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಸರ್ಕಾರ ಪಾನನಿರೋಧವನ್ನು ಕೈಗೊಂಡಿತ್ತು. ಮದ್ಯದ ಆದಾಯ ಕುಗ್ಗಿದಾಗ ಬೊಕ್ಕಸ ತುಂಬಲು ಸಾಮಾನ್ಯ ಮಾರಾಟ ತೆರಿಗೆ ಬಂತು. ಇಂದು ಕರ್ನಾಟಕದಲ್ಲಿರುವ ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನವು ಸರಕುಗಳ ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿತು.

ಹಾಗಾದರೆ 'ಮಾರಾಟ' ಎಂದರೇನು? 1958ರಲ್ಲಿ ಗ್ಯಾನನ್ ಡಂಕರ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿತು. 1930ರ ಸರಕು ಮಾರಾಟ ಕಾಯಿದೆಯಲ್ಲಿ ಈ ಪದಕ್ಕಿರುವ ಅರ್ಥವೇ ಸಂವಿಧಾನದಲ್ಲೂ ಇರುತ್ತದೆ. ಒಪ್ಪಂದವಿರಬೇಕು, ಬೆಲೆ ಇರಬೇಕು, ವಸ್ತುವಿನ ಒಡೆತನ ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕು. ಅದು ಕಟ್ಟಡ ಗುತ್ತಿಗೆಯ ಮೊಕದ್ದಮೆಯಾಗಿದ್ದರೂ ಅದರ ನೆರಳು ಹೋಟೆಲಿನ ಅಡುಗೆಮನೆಯವರೆಗೆ ಚಾಚಿತು.

1972ರ ಜನವರಿ 4ರಂದು ಹಿಮಾಚಲ ಪ್ರದೇಶದ ಮೊಕದ್ದಮೆಯೊಂದರ ತೀರ್ಪು ಬಂತು. ವಸತಿಗೂ ಊಟಕ್ಕೂ ಸೇರಿಸಿ ಒಂದೇ ಮೊತ್ತ ಪಡೆಯುವ ಹೋಟೆಲು ತನ್ನಲ್ಲಿ ತಂಗಿದವರಿಗೆ ಬಡಿಸುವ ಊಟ ಮಾರಾಟವಲ್ಲ, ಆತಿಥ್ಯದ ಒಂದು ಅಂಗ ಎಂದಿತು ನ್ಯಾಯಾಲಯ. 1978ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಂಡಿಯಾ ಕೇಟರರ್ಸ್ ಮೊಕದ್ದಮೆಯಲ್ಲಿ ಈ ತರ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊರಗಿನಿಂದ ಬಂದು ಊಟ ಮಾಡಿ ಹೋಗುವ ಗಿರಾಕಿಗೂ ಹೋಟೆಲಿನವರು ಒದಗಿಸುವುದು ಮುಖ್ಯವಾಗಿ ಸೇವೆ ಎಂದು ತೀರ್ಮಾನವಾಯಿತು. ಇದರ ಹಿಂದಿನ ವಿಚಾರಸರಣಿ ಸ್ವಾರಸ್ಯಕರ. ಮೇಜು, ಕುರ್ಚಿ, ಬಡಿಸುವವರು, ತೊಳೆದಿಟ್ಟ ತಟ್ಟೆ-ಲೋಟ ಎಲ್ಲ ಸೇರಿ ಒಂದು ಸೇವೆ. ತಟ್ಟೆಯಲ್ಲಿ ಉಳಿದದ್ದನ್ನು ಹಕ್ಕಿನಿಂದ ಹೊತ್ತೊಯ್ಯಲಾಗದ ಮೇಲೆ ಆಹಾರದ ಒಡೆತನ ಗಿರಾಕಿಗೆ ದಾಟಿತೆನ್ನುವುದು ಹೇಗೆ?

ಪಾರ್ಸೆಲ್‌ನ ಸಂಗತಿ ಬೇರೆ. ಅಲ್ಲಿ ಕುರ್ಚಿಯಿಲ್ಲ, ಬಡಿಸುವವರಿಲ್ಲ. ಕಾಸು ಕೊಟ್ಟು ಪೊಟ್ಟಣ ಪಡೆದರೆ ಅದು ನಿಮ್ಮದೇ. ಮರುಪರಿಶೀಲನೆಯ ಸಂದರ್ಭದಲ್ಲಿ ನ್ಯಾಯಾಲಯವೇ ಒಂದು ಸ್ಪಷ್ಟನೆ ನೀಡಿತು: ವ್ಯವಹಾರದ ಮುಖ್ಯ ಉದ್ದೇಶ ಆಹಾರದ ಮಾರಾಟವೇ ಆಗಿದ್ದು, ಸೇವೆ ಕೇವಲ ಆನುಷಂಗಿಕವಾಗಿದ್ದರೆ ತೆರಿಗೆ ಹಾಕಬಹುದು. ಅಂದರೆ ಪ್ರತಿಯೊಂದು ಹೋಟೆಲಿನಲ್ಲೂ ಮುಖ್ಯವಾದುದು ತಿಂಡಿಯೋ ಉಪಚಾರವೋ ಎಂದು ತೆರಿಗೆ ಅಧಿಕಾರಿ ಅಳೆಯಬೇಕಾಯಿತು! ಬೆಂಗಳೂರಿನ ದರ್ಶಿನಿಗಳನ್ನು ನೆನೆಯಿರಿ. ನಾವೇ ತಟ್ಟೆ ತಂದುಕೊಂಡು, ನಿಂತೇ ತಿನ್ನುವ ಅಲ್ಲಿ ಸೇವೆ ಎಷ್ಟು, ಮಾರಾಟ ಎಷ್ಟು? ಇದನ್ನು ಅಳೆಯುವ ತಕ್ಕಡಿ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ರಾಜ್ಯಗಳ ಆದಾಯಕ್ಕೆ ಪೆಟ್ಟು ಬಿದ್ದಿತು. ಆಗ ಸಂಸತ್ತು ಸಂವಿಧಾನದ 46ನೆಯ ತಿದ್ದುಪಡಿಯನ್ನು ತಂದಿತು. 1982ರ ಈ ಕಾಯಿದೆ 1983ರ ಫೆಬ್ರವರಿ 2ರಂದು ಜಾರಿಗೆ ಬಂತು. ಸೇವೆಯ ಭಾಗವಾಗಿ ಕೊಟ್ಟ ಆಹಾರ, ಪಾನೀಯಗಳನ್ನೂ ಮಾರಾಟವೆಂದೇ ಭಾವಿಸತಕ್ಕದ್ದು ಎಂದು ಅದು ಸಾರಿತು. ಹಿಂದೆ ವಸೂಲಾಗಿದ್ದ ತೆರಿಗೆಯನ್ನೂ ಊರ್ಜಿತಗೊಳಿಸಿತು. ಆದರೆ ತೀರ್ಪನ್ನು ನಂಬಿ, 1978ರ ಸೆಪ್ಟೆಂಬರಿನಿಂದ ಗಿರಾಕಿಯಿಂದ ತೆರಿಗೆ ಪಡೆಯದಿದ್ದ ಹೋಟೆಲಿನವರಿಗೆ ಆ ಅವಧಿಯ ಮಟ್ಟಿಗೆ ವಿನಾಯಿತಿ ದೊರೆಯಿತು. ಇದು ನ್ಯಾಯವೇ. ನಿನ್ನೆಯ ಗಿರಾಕಿಯನ್ನು ಹುಡುಕಿ ಇಂದು ತೆರಿಗೆ ಕೇಳಲು ಸಾಧ್ಯವೇ?

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಮದ್ಯದ ಪರವಾನಗಿಯುಳ್ಳ ಹವಾನಿಯಂತ್ರಿತ ರೆಸ್ಟೋರೆಂಟುಗಳ ಮೇಲೆ ಸೇವಾ ತೆರಿಗೆ ಹಾಕಿತು. 2013ರಲ್ಲಿ ಪರವಾನಗಿಯ ಷರತ್ತೂ ಹೋಯಿತು. ಒಂದೇ ಬಿಲ್ಲಿನಲ್ಲಿ ರಾಜ್ಯಕ್ಕೆ ಮಾರಾಟದ ತೆರಿಗೆ, ಕೇಂದ್ರಕ್ಕೆ ಸೇವೆಯ ತೆರಿಗೆ! ಪಾರ್ಸೆಲ್‌ಗೂ ಸೇವಾ ತೆರಿಗೆಯೇ ಎಂಬ ವಿವಾದದಲ್ಲಿ, ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಆ ತೆರಿಗೆಯೇ ಹೋಗಿತ್ತು. ಉಳಿದಿದ್ದದ್ದು ಹಳೆಯ ಬಾಕಿಯ ಜಗಳ ಮಾತ್ರ.

ಏಕೆಂದರೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಿತ್ತು. ಅದು ಹೋಟೆಲಿನ ಊಟವನ್ನು 'ಸೇವೆ' ಎಂದೇ ಪರಿಗಣಿಸಿತು. 1978ರಲ್ಲಿ ಸೇವೆಯಾಗಿದ್ದದ್ದು 1983ರಲ್ಲಿ ಮಾರಾಟವಾಗಿ, 2017ರಲ್ಲಿ ಮತ್ತೆ ಸೇವೆಯಾಯಿತು. ಇಡ್ಲಿ ಮಾತ್ರ ಬದಲಾಗಲಿಲ್ಲ! ಆರಂಭದಲ್ಲಿ ಹವಾನಿಯಂತ್ರಣವಿಲ್ಲದ ಕಡೆ ಶೇಕಡಾ 12, ಇದ್ದ ಕಡೆ 18 ಇದ್ದ ದರ, ಅದೇ ವರ್ಷದ ನವೆಂಬರ್ 15ರಿಂದ ದುಬಾರಿ ವಸತಿ ಹೋಟೆಲುಗಳ ಹೊರತು ಉಳಿದೆಡೆ ಶೇಕಡಾ 5ಕ್ಕೆ ಇಳಿಯಿತು. ಅಲ್ಲೇ ತಿಂದರೂ ಕಟ್ಟಿಸಿಕೊಂಡು ಹೋದರೂ ದರ ಒಂದೇ.

ಇದರಿಂದ ನಾವು ಕಲಿಯಬೇಕಾದುದೇನು? ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು ಎನ್ನುತ್ತದೆ ಸಂವಿಧಾನದ 265ನೆಯ ವಿಧಿ. ಈ ಒಂದು ವಾಕ್ಯದ ಬಲದಿಂದಲೇ ಒಂದು ಹೋಟೆಲು ಸರ್ಕಾರವನ್ನು ಪ್ರಶ್ನಿಸಿ ಗೆಲ್ಲಲು ಸಾಧ್ಯವಾಯಿತು. ಸರ್ಕಾರ ತನ್ನ ಅಧಿಕಾರವನ್ನು ಮರಳಿ ಪಡೆಯಲು ಸಂಸತ್ತಿಗೇ ಹೋಗಬೇಕಾಯಿತು. ಆ ಹಕ್ಕು ನಿಮ್ಮ ಕೈಯಲ್ಲಿರುವ ಬಿಲ್ಲಿಗೂ ಅನ್ವಯಿಸುತ್ತದೆ. ಮುಂದಿನ ಸಲ ಅದನ್ನು ಮಡಚಿ ಎಸೆಯುವ ಮುನ್ನ ಓದಿ ನೋಡಿ. ಜಿಎಸ್‌ಟಿ ಎಂದು ಹಣ ಪಡೆದಿದ್ದರೆ ನೋಂದಣಿ ಸಂಖ್ಯೆ ಇದೆಯೇ? ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ಹೋಟೆಲಿನವರು ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. 'ಸರ್ವಿಸ್ ಚಾರ್ಜ್' ಎಂಬುದು ಸರ್ಕಾರದ ತೆರಿಗೆಯೇ ಅಲ್ಲ. ತಿಳಿಯದಿದ್ದರೆ ಗಲ್ಲಾದಲ್ಲಿ ಕುಳಿತವರನ್ನು ವಿನಯದಿಂದಲೇ ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.