ಕಾವಲಿಗೆ ನಿಂತ ವಿದ್ಯಾರ್ಥಿ

ಶಿವರಾತ್ರಿಯ ಮರುದಿನ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ತೇರೆಳೆಯುವುದನ್ನು ನೀವು ನೋಡಿರಬಹುದು. ಆ ಜನಸಂದಣಿಯಲ್ಲಿ ತೋಳಿಗೆ ಪಟ್ಟಿ ಕಟ್ಟಿಕೊಂಡ ಹುಡುಗನೊಬ್ಬನು ಹಗ್ಗ ಹಿಡಿದು ನಿಂತಿರುತ್ತಾನೆ. “ಅಕ್ಕಾರ, ಕೂಸನ್ನ ಎತ್ಗೊಳ್ರಿ, ತೇರು ಬಂತು” ಎಂದು ಕೂಗುತ್ತಾನೆ. ಕೂಗಿದೊಡನೆ ಜನ ಹಿಂದೆ ಸರಿಯುತ್ತಾರೆ. ಆ ಹುಡುಗನು ಯಾರನ್ನೂ ಹಿಡಿದು ಠಾಣೆಗೆ ಒಯ್ಯಲಾರ. ಯಾರಿಗೂ ದಂಡ ವಿಧಿಸಲಾರ. ಆದರೂ ಅವನ ಮಾತು ನಡೆಯುತ್ತದೆ. ಅದೇಕೆಂದು ಎಂದಾದರೂ ಯೋಚಿಸಿದ್ದೀರಾ?

ಶಾಲಾ ಕಾಲೇಜುಗಳ ಅಂಗಳದಲ್ಲಿ ಸುರಕ್ಷತೆ ಕಾಪಾಡಲು ವಿದ್ಯಾರ್ಥಿಗಳು ಪೊಲೀಸರಿಗೆ ನೆರವಾಗಬೇಕೆಂಬ ಮಾತು ಈಗ ಅನೇಕ ಕಡೆಗಳಲ್ಲಿ ಕೇಳಿಬರುತ್ತಿದೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳಲ್ಲಿ ಇದೊಂದು ನೆಲೆನಿಂತ ಪದ್ಧತಿಯೇ ಆಗಿದೆ. ಅಲ್ಲಿಯ ಪೊಲೀಸ ವಿಭಾಗವು ವಿದ್ಯಾರ್ಥಿಗಳನ್ನು ಸಮುದಾಯ ಸೇವಾ ಅಧಿಕಾರಿಗಳೆಂದು ನೇಮಿಸಿಕೊಳ್ಳುತ್ತದೆ. ಅವರು ಕತ್ತಲಾದ ಮೇಲೆ ಗ್ರಂಥಾಲಯದಿಂದ ವಸತಿಗೃಹಕ್ಕೆ ಹೊರಟವರಿಗೆ ಜೊತೆಯಾಗುತ್ತಾರೆ, ಕಟ್ಟಡಗಳ ಮೇಲೆ ಕಣ್ಣಿಡುತ್ತಾರೆ. ಇದು ಪರದೇಶದ ಹೊಸ ಮಾತು ಎಂದು ನಾವು ತಿಳಿಯಬೇಕಾಗಿಲ್ಲ. ತರುಣರು ಜನರ ನಡುವೆ ನಿಂತು ವ್ಯವಸ್ಥೆ ಕಾಪಾಡುವ ವಿದ್ಯೆಗೆ ಇಡಿಯ ದೇಶದ ಪಾಠಶಾಲೆಯಾಗಿದ್ದುದು ನಮ್ಮ ಹುಬ್ಬಳ್ಳಿಯೇ.

ಆ ಕಥೆಯನ್ನು ಧಾರವಾಡದಿಂದ ಆರಂಭಿಸಬೇಕು. 1921ರ ಜುಲೈ 1ರಂದು, ಅಸಹಕಾರ ಮತ್ತು ಖಿಲಾಫತ್ ಚಳವಳಿಗಳ ಕಾಲದಲ್ಲಿ, ಸೆರೆಯಂಗಡಿಯ ಮುಂದಿನ ಪಿಕೆಟಿಂಗಿನ ಸಂಬಂಧವಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಪ್ರಾಣ ಕಳೆದುಕೊಂಡರು. ಜಕಣಿ ಬಾವಿಯ ಹತ್ತಿರ ಹೋದರೆ ಇಂದಿಗೂ ಅದರ ನೆನಪಾಗುತ್ತದೆ. ಒಂದು ಕಡೆ ಕೆರಳಿದ ಜನ, ಇನ್ನೊಂದು ಕಡೆ ಪರಕೀಯ ಸರಕಾರದ ಬಂದೂಕು. ನಡುವೆ ನಿಂತು ಜನರನ್ನು ಸಂಭಾಳಿಸಬಲ್ಲ, ಜನರೂ ನಂಬಬಲ್ಲ ಪಳಗಿದ ದಳವೊಂದರ ಅವಶ್ಯಕತೆ ಆ ದಿನಗಳಲ್ಲಿ ಎಷ್ಟಿತ್ತೆಂಬುದನ್ನು ಈ ಘಟನೆಯೊಂದೇ ಸಾರಿ ಹೇಳುತ್ತದೆ.

ಅದೇ ಹೊತ್ತಿಗೆ ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು ಅಮೇರಿಕೆಯಿಂದ ಮರಳಿದ್ದರು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಕಲಕತ್ತೆಯಲ್ಲಿ ವೈದ್ಯಕೀಯ ಕಲಿತು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಮೇರಿಕೆಯಲ್ಲಿ ಲಾಲಾ ಲಜಪತರಾಯರ ಜೊತೆಗೂಡಿ ದುಡಿದರು. ರೋಗ ಬಂದ ಮೇಲೆ ಮದ್ದು ಕೊಡುವುದು ಒಂದು ಬಗೆಯಾದರೆ, ಬಾರದಂತೆ ಊರನ್ನು ಅಣಿಗೊಳಿಸುವುದು ಇನ್ನೊಂದು ಬಗೆ. ಹರ್ಡೀಕರರು ಕಲಿತದ್ದು ಈ ಎರಡನೆಯದನ್ನು. ಜನಸಂದಣಿಯ ವಿಷಯದಲ್ಲಿಯೂ ಅವರು ಅನುಸರಿಸಿದ ದಾರಿ ಇದೇ ಎಂದು ನನಗೆ ತೋರುತ್ತದೆ. ಗಲಭೆಯಾದ ಮೇಲೆ ಅಡಗಿಸುವುದಕ್ಕಿಂತ ಗಲಭೆಯಾಗದಂತೆ ತರುಣರನ್ನು ಮೊದಲೇ ಪಳಗಿಸಿಡಬೇಕು.

ಅವರ ಹುಬ್ಬಳ್ಳಿ ಸೇವಾ ಮಂಡಲದ ತರುಣರು 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಸೆರೆಮನೆ ಸೇರಿದರು. ಅಲ್ಲಿಯ ಕಷ್ಟ ತಾಳಲಾರದೆ ಬೇರೆ ಕೆಲವರು ಕ್ಷಮೆ ಕೇಳಿಕೊಂಡು ಹೊರಬಂದಾಗಲೂ ಹುಬ್ಬಳ್ಳಿಯವರು ಮಣಿಯಲಿಲ್ಲ. ಈ ದೃಢತೆ ದೇಶದ ಕಣ್ಣಿಗೆ ಬಿತ್ತು. ಅದೇ ವರುಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಜವಾಹರಲಾಲ ನೆಹರೂ ಅವರು ಅದರ ಮೊದಲನೆಯ ಅಧ್ಯಕ್ಷರು, ಕಾರ್ಯಭಾರವೆಲ್ಲ ಹರ್ಡೀಕರರದು, ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ.

ಆದರೆ ಆ ಹುಟ್ಟು ಸುಲಭವಾಗಿರಲಿಲ್ಲ. ಅಹಿಂಸೆಯ ವ್ರತ ತೊಟ್ಟ ಸಂಸ್ಥೆಗೆ ಸಮವಸ್ತ್ರ, ಕವಾಯತು, ಸೈನಿಕ ಶಿಸ್ತು ಇವೆಲ್ಲ ಏಕೆ ಎಂದು ಹಿರಿಯರನೇಕರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ನಾವು ಹಗುರಾಗಿ ಕಾಣಬಾರದು. ಸಮವಸ್ತ್ರ ತೊಟ್ಟ ತರುಣನಿಗೆ ಅಧಿಕಾರದ ಮದ ಏರುವುದು ಎಷ್ಟು ಹೊತ್ತು? ಹರ್ಡೀಕರರು ಇದಕ್ಕೆ ಕೆಲಸದಿಂದಲೇ ಉತ್ತರ ಕೊಡಬೇಕಾಯಿತು.

ಉತ್ತರ ಕೊಡುವ ಅವಕಾಶ ಒಂದು ವರುಷದಲ್ಲಿಯೇ ಬಂದಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷರಾದದ್ದು ಆ ಒಂದೇ ಸಲ. ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಒಂದು ಊರೇ ಎದ್ದು ನಿಂತಿತು; ನೀರಿಗಾಗಿ ದೊಡ್ಡ ಬಾವಿ ತೋಡಿದರು. ಬಂದವರಿಗೆ ದಾರಿ ತೋರಿಸುವುದು, ಬಾಗಿಲು ಕಾಯುವುದು, ಜನಸಂದಣಿಯನ್ನು ತಿದ್ದುವುದು, ಶಿಬಿರವನ್ನು ಚೊಕ್ಕಟವಾಗಿಡುವುದು, ಇವೆಲ್ಲ ಸ್ವಯಂಸೇವಕರ ಪಾಲಿಗೆ ಬಂದ ಕೆಲಸಗಳು. ಕಾವಲು ಕಾಯುವ ಕೈಗೂ ಕಸ ಗುಡಿಸುವ ಕೈಗೂ ಅಲ್ಲಿ ಮೇಲುಕೀಳು ಇರಲಿಲ್ಲವೆಂಬುದನ್ನು ನೀವು ಮುಖ್ಯವಾಗಿ ಗಮನಿಸಬೇಕು. ಕಸಬರಿಗೆ ಹಿಡಿದವನಿಗೆ ಸಮವಸ್ತ್ರದ ಮದ ಏರುವುದು ಕಷ್ಟ.

ಹೆಣ್ಣುಮಕ್ಕಳ ಪಾತ್ರವೂ ಇಲ್ಲಿ ಕಡಿಮೆಯದಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು, ಹುಬ್ಬಳ್ಳಿಯಲ್ಲಿ ನೆಲೆಸಿ, ಟಿಳಕ ಕನ್ಯಾಶಾಲೆಯನ್ನು ನಡೆಸುತ್ತಿದ್ದ ಉಮಾಬಾಯಿ ಕುಂದಾಪುರ ಅವರು ಸೇವಾದಳದ ಮಹಿಳಾ ವಿಭಾಗವನ್ನು ವಹಿಸಿಕೊಂಡರು. ಬೆಳಗಾವಿಯ ಅಧಿವೇಶನಕ್ಕಾಗಿ ಅವರು ಮನೆಮನೆ ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಿಕೆಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಅವರು ಸಾವಿರಾರು ಜನರ ನಡುವೆ ನಿಂತು ಹೊಣೆ ಹೊತ್ತರು.

1931ರಲ್ಲಿ ಈ ದಳವು ಕಾಂಗ್ರೆಸ್ಸಿನ ಅಂಗವಾಯಿತು. ಮರುವರುಷ ಸರಕಾರ ಅದನ್ನು ನಿಷೇಧಿಸಿತು. ಉಮಾಬಾಯಿಯವರು ಯೆರವಡಾ ಸೆರೆಮನೆಗೆ ಹೋದರು. 1942ರಲ್ಲಿ ಬಾಲಕ ನಾರಾಯಣ ಡೋಣಿ ಹುಬ್ಬಳ್ಳಿಯ ಬೀದಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಇಷ್ಟನ್ನು ಕಂಡ ಊರಿನಲ್ಲಿ ವಿದ್ಯಾರ್ಥಿಯೂ ಪೊಲೀಸನೂ ಜೊತೆಯಾಗಿ ನಿಲ್ಲುವರೆಂದು ಆಗ ಯಾರಾದರೂ ಹೇಳಿದ್ದರೆ ನೀವು ನಂಬುತ್ತಿದ್ದಿರೇನು?

ಸ್ವರಾಜ್ಯ ಬಂದ ಮೇಲೆ ಸಂಬಂಧವೇ ಬದಲಾಯಿತು. ಧಾರವಾಡವು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1946ರ ಡಿಸೆಂಬರಿನಲ್ಲಿಯೇ ಗೃಹರಕ್ಷಕ ದಳ ಆರಂಭವಾಗಿತ್ತು. 1948ರಲ್ಲಿ ಎನ್.ಸಿ.ಸಿ. ಬಂದಿತು. ಗಾಂಧೀ ಶತಾಬ್ದಿಯ ವರುಷವಾದ 1969ರ ಸೆಪ್ಟೆಂಬರ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ರಾಷ್ಟ್ರೀಯ ಸೇವಾ ಯೋಜನೆಯು ತೊಡಗಿತು. 2010ರಲ್ಲಿ ಕೇರಳವು ಶಾಲೆಯ ಮಕ್ಕಳಿಗಾಗಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು ಹೂಡಿತು. 2018ರಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಾಯಿದೆಯ ತಿಳಿವಳಿಕೆಯನ್ನೂ ನಾಗರಿಕ ಶಿಸ್ತನ್ನೂ ಕಲಿಸುವುದು ಅದರ ಉದ್ದೇಶ.

ಈ ದಳಗಳೆಲ್ಲ ಒಂದೇ ತೆರನಾದುವಲ್ಲ. ಗೃಹರಕ್ಷಕನನ್ನು ಕೆಲಸಕ್ಕೆ ಕರೆದಾಗ ಕಾಯಿದೆಯೇ ಅವನಿಗೆ ಪೊಲೀಸನ ಅಧಿಕಾರ ಕೊಡುತ್ತದೆ. ಎರಡು ವರುಷಗಳಲ್ಲಿ 240 ತಾಸು ಸೇವೆ ಸಲ್ಲಿಸುವ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗೆ ಅಂಥ ಅಧಿಕಾರವಿಲ್ಲ; ಇರಲೂಬಾರದು. ಅವನ ಬಂಡವಾಳವೆಲ್ಲ ಜೊತೆಗಾರರ ವಿಶ್ವಾಸ. ಅವನು ಕಿರಿಯ ಪೊಲೀಸನಾಗಲು ಹೊರಟರೆ, ಗೆಳೆಯರ ಮಾತನ್ನು ಕದ್ದು ಕೇಳಿ ಠಾಣೆಗೆ ಮುಟ್ಟಿಸುವವನೆಂದು ಹೆಸರಾದರೆ, ಆ ಬಂಡವಾಳ ಒಂದೇ ದಿನದಲ್ಲಿ ಕರಗುತ್ತದೆ. ಆಮೇಲೆ ನಿಜವಾಗಿ ಅಪಾಯದಲ್ಲಿದ್ದ ಹುಡುಗಿಯೂ ಅವನ ಹತ್ತಿರ ಬಾರಳು.

ಧಾರವಾಡದ ವಿಶ್ವವಿದ್ಯಾಲಯಗಳಲ್ಲಿಯೂ ಹುಬ್ಬಳ್ಳಿಯ ಕಾಲೇಜುಗಳಲ್ಲಿಯೂ ಸಾವಿರಾರು ಮಕ್ಕಳು ದೂರದೂರದ ಹಳ್ಳಿಗಳಿಂದ ಬಂದು ಓದುತ್ತಿದ್ದಾರೆ. ಸಂಜೆ ತಡವಾಗಿ ವಸತಿಗೃಹಕ್ಕೆ ಮರಳುವ ಹುಡುಗಿಗೆ ಜೊತೆ ಬೇಕು. ಯುವಜನೋತ್ಸವದ ನೂಕುನುಗ್ಗಲಿನಲ್ಲಿ ಬಿದ್ದವನನ್ನು ಎತ್ತುವ ಕೈ ಬೇಕು. ಕಾಲೇಜಿನ ಬಾಗಿಲಲ್ಲಿ ಮೋಟಾರ ಸೈಕಲ್ಲಿನ ವೇಗಕ್ಕೆ ಒಂದು ಎಚ್ಚರಿಕೆಯ ಮಾತು ಬೇಕು. ಇವಕ್ಕೆಲ್ಲ ಪೊಲೀಸನೇ ಬರಬೇಕಾಗಿಲ್ಲ. ಆದರೆ ಬಡಿದಾಟ ನಡೆದರೆ, ಅಪರಾಧ ಕಂಡರೆ, ವಿದ್ಯಾರ್ಥಿಯು ಅಲ್ಲಿಗೇ ನಿಂತು ಪೊಲೀಸರನ್ನು ಕರೆಯಬೇಕು. ತನ್ನ ಕೆಲಸದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ತಿಳಿದಿರುವುದೇ ಅವನು ಪಡೆಯಬೇಕಾದ ಶಿಕ್ಷಣದ ಅರ್ಧ ಭಾಗ. ಉಳಿದ ಅರ್ಧವೆಂದರೆ ಪ್ರಥಮ ಚಿಕಿತ್ಸೆ, ಸಮಾಧಾನದ ಮಾತು ಮತ್ತು ತಪ್ಪು ಮಾಡಿದರೆ ಉತ್ತರ ಕೊಡುವ ಧೈರ್ಯ.

ಹರ್ಡೀಕರರು ಮುಂದೆ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದರು, ರಾಜ್ಯಸಭೆಯ ಸದಸ್ಯರಾದರು, 1958ರಲ್ಲಿ ಪದ್ಮಭೂಷಣ ಪಡೆದರು. 1970ರ ದಶಕ ಕಾಲಿಡುವ ಹೊತ್ತಿಗೆ ಅವರ ಪೀಳಿಗೆ ಮುಗಿಯುತ್ತ ಬಂದಿತ್ತು. ಆದರೆ ಅವರು ಕಲಿಸಿದ ಪಾಠ ಹಳೆಯದಾಗಿಲ್ಲ. ಮೊದಲು ತನ್ನನ್ನು ತಾನು ಶಿಸ್ತಿನಲ್ಲಿಟ್ಟುಕೊಂಡವನ ಮಾತನ್ನು ಜನ ತಾವಾಗಿಯೇ ಕೇಳುತ್ತಾರೆ. ಮುಂದಿನ ಶಿವರಾತ್ರಿಯ ತೇರಿಗೆ ಹೋದಾಗ ಹಗ್ಗ ಹಿಡಿದ ಆ ಹುಡುಗನು “ಹಿಂದ ಸರೀರಿ” ಎಂದರೆ, ನೀವೂ ಒಂದು ಹೆಜ್ಜೆ ಹಿಂದೆ ಸರಿಯಿರಿ. ಅವನ ಹಿಂದೆ ನೂರು ವರುಷಗಳ ಒಂದು ಪರಂಪರೆಯಿದೆ.