ಎರಡು ಘಳಿಗೆಯ ಬಿಡುವು

ಶ್ರಾವಕನಿಗೆ ವಿಧಿಸಿರುವ ನಾಲ್ಕು ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ತಕ್ಕ ಸ್ಥಳವನ್ನು ಹೇಳುವಾಗ ಕಾಡು, ಮನೆ, ಚೈತ್ಯಾಲಯ ಮೂರನ್ನೂ ಒಂದೇ ಸಾಲಿನಲ್ಲಿ ಎಣಿಸುತ್ತಾರೆ. ಬೇಕಾದುದು ಏಕಾಂತ ಮಾತ್ರ. ಕಾಲದ ಅಳತೆಯೂ ಸರಳವಾದುದೇ: ಕೂದಲಿಗೋ ಉಟ್ಟ ವಸ್ತ್ರಕ್ಕೋ ಹಾಕಿದ ಗಂಟನ್ನು ಬಿಚ್ಚುವ ತನಕ. ಅಷ್ಟು ಹೊತ್ತು ಗೃಹಸ್ಥನು ವಸ್ತ್ರ ಹೊದಿಸಲ್ಪಟ್ಟ ಮುನಿಗೆ ಸಮನೆಂಬುದು ಆಚಾರ್ಯರ ಅಭಿಪ್ರಾಯ. ರೂಢಿಯಲ್ಲಿ ಈ ಅವಧಿಯು ಒಂದು ಮುಹೂರ್ತ, ಅಂದರೆ ಎರಡು ಘಳಿಗೆ ಅಥವಾ 48 ನಿಮಿಷವೆಂದು ನೆಲೆಗೊಂಡಿತು. ಸಂಸಾರವನ್ನು ತೊರೆದವನಿಗೆ ಈ ಅಳತೆಯ ಅಗತ್ಯವಿಲ್ಲ. ಅಂಗಡಿಯಿಂದ ಎದ್ದು ಬಂದು ಮತ್ತೆ ಅಂಗಡಿಗೇ ಮರಳಬೇಕಾದವನಿಗಾಗಿ ಹುಟ್ಟಿದ ವ್ರತವಿದು.

ಹಾಗೆ ಮರಳಬೇಕಾದವನಿಗೆ ಎರಡು ಘಳಿಗೆ ಸಾಕೇ? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಎದುರಿಸಿದವರು ಶ್ರೀಮದ್ ರಾಜಚಂದ್ರರು. ಹಂಪಿಯ ರತ್ನಕೂಟದಲ್ಲಿ ಅವರ ಹೆಸರಿನ ಆಶ್ರಮವಿರುವುದರಿಂದ ಕನ್ನಡನಾಡಿಗೂ ಈ ಹೆಸರು ಅಪರಿಚಿತವಲ್ಲ. 1867ರಲ್ಲಿ ಕಾಠಿಯಾವಾಡದ ವವಾಣಿಯಾದಲ್ಲಿ ಜನಿಸಿದ ಅವರು ಹದಿನಾರರ ಹರೆಯದಲ್ಲಿ 108 ಪಾಠಗಳ ಮೋಕ್ಷಮಾಲೆಯನ್ನು ಬರೆದರು. ಅದರಲ್ಲಿ ಸಾಮಾಯಿಕದ 32 ದೋಷಗಳನ್ನು ವಿವರಿಸಿದ್ದಾರೆ: ಮನಸ್ಸಿನವು 10, ವಚನದವು 10, ಕಾಯದವು 12. ಕೀರ್ತಿಯ ಆಸೆ, ಧನದ ಆಸೆ, ಗರ್ವ, ಭಯ ಇವೆಲ್ಲ ಮನಸ್ಸಿನ ದೋಷಗಳು. ಪಟ್ಟಿ ಪರಂಪರೆಯದೇ, ಆದರೆ ಮುಂದೆ ಮುತ್ತುರತ್ನಗಳ ವ್ಯಾಪಾರಕ್ಕಿಳಿಯಲಿದ್ದ ತರುಣನೊಬ್ಬನು ಅದನ್ನು ಬರೆದನೆಂಬುದು ಗಮನಾರ್ಹ.

1887ರಲ್ಲಿ ಮುಂಬಯಿಯಲ್ಲಿ ಶತಾವಧಾನ ನಡೆಸಿ ಜನರನ್ನು ಬೆರಗುಗೊಳಿಸಿದ ಅವರು ಬಹುಬೇಗ ಆ ಪ್ರದರ್ಶನಗಳನ್ನೇ ಕೈಬಿಟ್ಟರು. 1891ರ ಜುಲೈಯಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿಯವರು ಅವರನ್ನು ಕಂಡಾಗ ಲಕ್ಷಾಂತರ ರೂಪಾಯಿಗಳ ವಹಿವಾಟು ಅವರ ಕೈಯಲ್ಲಿತ್ತು. ಅವರ ಮೇಜಿನ ಮೇಲೆ ಸದಾ ಒಂದು ಧರ್ಮಗ್ರಂಥವೂ ದಿನಚರಿಯೂ ಇರುತ್ತಿದ್ದವೆಂದೂ, ವ್ಯವಹಾರದ ಮಾತು ಮುಗಿದ ಮರುಕ್ಷಣವೇ ಅವು ತೆರೆದುಕೊಳ್ಳುತ್ತಿದ್ದವೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದು ಆಸನವಿಲ್ಲದ, ಘಳಿಗೆಬಟ್ಟಲಿಲ್ಲದ ಸಾಮಾಯಿಕವೆನ್ನಬಹುದು.

ಶ್ರೀಮದರನ್ನು ಸ್ತುತಿಸುವವರು ಸಾಮಾನ್ಯವಾಗಿ ಈ ಚಿತ್ರದಲ್ಲಿಯೇ ನಿಂತುಬಿಡುತ್ತಾರೆ. ಇದು ಅವರಿಗೆ ಮಾಡುವ ಅನ್ಯಾಯವೇ ಸರಿ. ಅವರ ಪತ್ರಗಳನ್ನು ಓದಿದವರಿಗೆ ಪುನಃಪುನಃ ಎದುರಾಗುವ ಶಬ್ದ ‘ಉಪಾಧಿ’. ಆಧಿ ಮನಸ್ಸಿನ ಬೇಗೆ, ವ್ಯಾಧಿ ದೇಹದ ಬೇನೆ, ಉಪಾಧಿಯೋ ಹೊರಗಿನಿಂದ ಬಂದು ತಲೆಯ ಮೇಲೆ ಕೂರುವ ಜಂಜಾಟ. ವ್ಯಾಪಾರವನ್ನು ಅವರು ಕಂಡುದು ಹಾಗೆಯೇ. ಆದರೂ ಪಾಲುದಾರರನ್ನೂ ಕುಟುಂಬವನ್ನೂ ನಡುನೀರಿನಲ್ಲಿ ಬಿಟ್ಟು ಹೊರಡಲಿಲ್ಲ. ದಿನದ ನಡುವೆ ಕದ್ದುಕೊಂಡ ಬಿಡುವು ಸಾಲದಾದಾಗ ಅವರು ಹಿಡಿದ ದಾರಿ ಬೇರೆ: ವರ್ಷದಲ್ಲಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಮುಂಬಯಿಯಿಂದ ದೂರವಿರುವುದು. ಗುಜರಾತಿನ ರಾಳಜ, ಕಾವಿಠಾ, ವಡವಾ, ಉತ್ತರಸಂಡಾದಂತಹ ಹಳ್ಳಿಗಳು, ಈಡರ್ ಬೆಟ್ಟಗಳು ಅವರ ನಿವೃತ್ತಿಯ ತಾಣಗಳಾದವು. ತಾವಿರುವ ಸ್ಥಳವು ಹೆಚ್ಚು ಜನಕ್ಕೆ ತಿಳಿಯದಿರಲೆಂಬುದು ಅವರ ಅಪೇಕ್ಷೆ. ಜನ ಹೇಗೋ ತಿಳಿದು ಬರುತ್ತಿದ್ದರು, ಅದು ಬೇರೆ ಮಾತು.

ಹೀಗೆ ದೂರವಿದ್ದ ದಿನಗಳು ಬರಡಾಗಲಿಲ್ಲ. 142 ಪದ್ಯಗಳ ಆತ್ಮಸಿದ್ಧಿ ಶಾಸ್ತ್ರವು 1896ರ ಶರತ್ಕಾಲದಲ್ಲಿ, ಇಂತಹದೇ ಒಂದು ಪ್ರವಾಸದ ಕೊನೆಗೆ, ನಡಿಯಾದದಲ್ಲಿ ಒಂದೇ ಬಾರಿಗೆ ಕುಳಿತು ಬರೆದುದು. ಆಗ ಲಾಂದ್ರ ಹಿಡಿದು ನಿಂತಿದ್ದವರು ಖಂಭಾತಿನ ಶಿಷ್ಯ ಅಂಬಾಲಾಲರೆಂದು ಸಂಪ್ರದಾಯ ಸ್ಮರಿಸುತ್ತದೆ.

ಪ್ರತಿ ಸಲವೂ ಮುಂಬಯಿಗೆ ಹಿಂದಿರುಗಲೇಬೇಕಿತ್ತು, ಹಿಂದಿರುಗಿದರು. ಸರ್ವಸಂಗ ಪರಿತ್ಯಾಗದ ಹಂಬಲವು ಅವರಲ್ಲಿ ವರ್ಷಗಳಿಂದ ಇತ್ತು. ಕಡೆಗೆ ವ್ಯಾಪಾರದಿಂದ ಬಿಡುಗಡೆ ಪಡೆಯುವ ಹೊತ್ತಿಗೆ ದೇಹ ಸೋತಿತ್ತು. 1901ರ ಏಪ್ರಿಲ್ 9ರಂದು ರಾಜಕೋಟೆಯಲ್ಲಿ ಅವರು ದೇಹವಿಟ್ಟಾಗ ವಯಸ್ಸು ಮೂವತ್ಮೂರು. ದೀಕ್ಷೆಯ ಬಿಳಿ ವಸ್ತ್ರವನ್ನು ಅವರು ಉಟ್ಟಿರಲೇ ಇಲ್ಲ.