ಉಂಗುರದ ವೇಗ, ಉಂಗುರದ ವಿನ್ಯಾಸ: ಒಂದು ಕಲ್ಪಿತ ಯಂತ್ರದ ಪರಿಶೀಲನೆ

2002ರ ಸ್ಟಾರ್ ವಾರ್ಸ್ ಚಿತ್ರ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ನಲ್ಲಿ ಓಬಿ-ವಾನ್ ಕೆನೋಬಿಯ ಪುಟ್ಟ ನೌಕೆಗೆ ನಕ್ಷತ್ರಗಳ ನಡುವೆ ಸಂಚರಿಸುವ ಸ್ವಂತ ಶಕ್ತಿಯಿಲ್ಲ. ಬೆಳಕನ್ನು ಹಿಂದಿಕ್ಕುವ ಯಂತ್ರವಿರುವುದು ಒಂದು ಉಂಗುರದಲ್ಲಿ. ನೌಕೆ ಅದರೊಳಗೆ ಕೂಡಿಕೊಂಡು ದೂರ ಸಾಗುತ್ತದೆ. ಗ್ರಹ ಸಿಕ್ಕಾಗ ಉಂಗುರವನ್ನು ಕಕ್ಷೆಯಲ್ಲೇ ಬಿಟ್ಟು ತಾನೊಂದೇ ಇಳಿಯುತ್ತದೆ. ಇದರ ವೇಗ ಅಸಾಧ್ಯ, ವಿನ್ಯಾಸ ಮಾತ್ರ ವಿವೇಕದ್ದು ಎಂಬುದು ಇಲ್ಲಿನ ವಾದ.

ವೇಗದ ವಿಚಾರ ಬೇಗ ಮುಗಿಯುತ್ತದೆ. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತೆಯ ಪ್ರಕಾರ, ದ್ರವ್ಯರಾಶಿಯುಳ್ಳ ಯಾವ ವಸ್ತುವನ್ನೂ ಬೆಳಕಿನ ವೇಗಕ್ಕೆ ಮುಟ್ಟಿಸಲು ಅನಂತ ಶಕ್ತಿ ಬೇಕು. 1994ರಲ್ಲಿ ಮಿಗೆಲ್ ಅಲ್ಕುಬಿಯೆರೆ ಬೇರೊಂದು ದಾರಿಯ ಗಣಿತ ಕೊಟ್ಟರು: ನೌಕೆಯ ಮುಂದಿನ ದೇಶಕಾಲ ಕುಗ್ಗಬೇಕು, ಹಿಂದಿನದು ಹಿಗ್ಗಬೇಕು. ಅದಕ್ಕೆ ಬೇಕಾಗುವಷ್ಟು ಋಣಶಕ್ತಿ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ.

ಕಥೆಯ ಯಂತ್ರ ಹಾರದಿದ್ದರೆ ಯಾರೂ ತಕರಾರು ಮಾಡುವುದಿಲ್ಲ. ಶಾಸ್ತ್ರವೆಂದು ಹೇಳಿಕೊಂಡರೆ ಲೆಕ್ಕ ಕೊಡಬೇಕಾಗುತ್ತದೆ. ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಪ್ರಾಚೀನವೆನ್ನಲಾದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಅದರ ರುಕ್ಮ, ಸುಂದರ, ಶಕುನ, ತ್ರಿಪುರ ವಿಮಾನಗಳನ್ನು ಪರೀಕ್ಷಿಸಿ, ಅವು ಹಾರಲಾರವು, ಗ್ರಂಥವೂ ಇಪ್ಪತ್ತನೇ ಶತಮಾನದ್ದೇ ಎಂದು ತೀರ್ಮಾನಿಸಿದರು. ಪುಷ್ಪಕ ವಿಮಾನಕ್ಕೆ ಇಂಥ ಪರೀಕ್ಷೆ ಬೇಕಾಗಲಿಲ್ಲ. ಅದು ತನ್ನ ನಕ್ಷೆ ತೋರಿಸಲು ಹೋಗಿಲ್ಲವಲ್ಲ!

ಇನ್ನು ವಿನ್ಯಾಸ. ರಾಕೆಟ್ಟಿನ ಗಣಿತದಲ್ಲಿ ಕೊನೆಯವರೆಗೆ ಹೊತ್ತು ಸಾಗುವ ಪ್ರತಿ ಕಿಲೋ ತೂಕವೂ ಮತ್ತಷ್ಟು ಇಂಧನ ಕೇಳುತ್ತದೆ. ದೂರ ಒಯ್ಯುವ ಎಂಜಿನ್ನನ್ನು ಇಳಿಯುವ ಮೊದಲೇ ಕಳಚಿಟ್ಟರೆ ಇಳಿಯುವ ನೌಕೆ ಹಗುರ. 2023ರ ಜುಲೈ 14ರಂದು ಹೊರಟ ಚಂದ್ರಯಾನ-3ರ ಸುಮಾರು 3,900 ಕಿಲೋ ತೂಕದಲ್ಲಿ ನೋದನ ಘಟಕದ ಪಾಲೇ 2,148 ಕಿಲೋ. ರೋವರನ್ನು ಒಡಲಲ್ಲಿಟ್ಟುಕೊಂಡ ಲ್ಯಾಂಡರಿನದು 1,752. ಘಟಕ ಲ್ಯಾಂಡರನ್ನು ಚಂದ್ರನ ಕಕ್ಷೆಗೆ ಮುಟ್ಟಿಸಿ ಆಗಸ್ಟ್ 17ರಂದು ಬೇರ್ಪಟ್ಟಿತು. ಆರು ದಿನಗಳಲ್ಲಿ ಲ್ಯಾಂಡರ್ ವಿಕ್ರಮ್ ನೆಲ ಮುಟ್ಟಿತು. ಟ್ಯಾಂಕಿನಲ್ಲಿ ನೂರು ಕಿಲೋಗೂ ಹೆಚ್ಚು ಇಂಧನ ಉಳಿದಿದ್ದರಿಂದ ಅಕ್ಟೋಬರಿನಲ್ಲಿ ಘಟಕವನ್ನು ಭೂಮಿಯ ಕಕ್ಷೆಯತ್ತ ಹೊರಳಿಸಲಾಯಿತು.

ಆದರೆ ಘಟಕ ಒಂಟಿಯಾಗಿ ಮರಳಿತು, ಲ್ಯಾಂಡರ್ ಅಲ್ಲೇ ಉಳಿಯಿತು. ಚಿತ್ರದ ಉಂಗುರದ ಉಪಯೋಗವಿರುವುದು ನೌಕೆ ಮೇಲೇರಿ ಬಂದು ಮತ್ತೆ ಕೂಡಿಕೊಳ್ಳುವುದರಲ್ಲಿ. ಆ ಕೌಶಲವನ್ನು ಇಸ್ರೋ 2025ರ ಜನವರಿ 16ರಂದು ಸ್ಪೇಡೆಕ್ಸ್ ಪ್ರಯೋಗದ ಎರಡು ಪುಟ್ಟ ಉಪಗ್ರಹಗಳನ್ನು ಭೂಕಕ್ಷೆಯಲ್ಲಿ ಜೋಡಿಸಿ ಸಾಧಿಸಿತು, ಮಾರ್ಚ್‌ನಲ್ಲಿ ಬಿಡಿಸಿಯೂ ತೋರಿಸಿತು. ಚಂದ್ರನ ಮಣ್ಣನ್ನು ತರಬೇಕಾದ ಚಂದ್ರಯಾನ-4ರ ಯೋಜನೆ ನಿಂತಿರುವುದು ಈ ಜೋಡಣೆಯ ಮೇಲೆಯೇ.